ವಿದ್ಯಾಪೀಠಕ್ಕೂ ಕಾರ್ಖಾನೆಗೂ ನಡುವಣ ಸೇತುವೆ

(ಉಪಾಧ್ಯಾಯರೂ ಪುರಜನರೂ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪರೀಕ್ಷೆಯ ಫಲ ಹೊರಬಿದ್ದ ಮರುದಿನದಿಂದಲೇ ತಂದೆತಾಯಿಗಳು ಉಪಾಧ್ಯಾಯರ ಮನೆಯ ಬಾಗಿಲಿಗೆ ಬರತೊಡಗುವುದು ತಮಗೆಲ್ಲ ಅನುಭವದ ಮಾತು. "ಹುಡುಗ ಪಾಸಾದನು; ಇನ್ನು ಯಾವ ದಾರಿ ಹಿಡಿಸೋಣ?" ಎಂಬುದೊಂದೇ ಅವರ ಪ್ರಶ್ನೆ. ನಮ್ಮ ಉತ್ತರಗಳೂ ಬೆರಳಿನಲ್ಲಿ ಎಣಿಸುವಷ್ಟೇ: ವೈದ್ಯನಾಗಲಿ, ಇಂಜಿನಿಯರನಾಗಲಿ, ಸರಕಾರದ ಚಾಕರಿ ಹಿಡಿಯಲಿ, ಇಲ್ಲವೆ ಬೆಂಗಳೂರಿನ ಕಂಪ್ಯೂಟರ್ ಕಂಪನಿ ಸೇರಲಿ. ಈ ಹೊತ್ತು ನಾವು ಆ ಪಟ್ಟಿಗೆ ಮತ್ತೊಂದು ಉದ್ಯೋಗವನ್ನು ಸೇರಿಸಬೇಕೆಂದು ತಮ್ಮೆದುರು ನಿಂತಿದ್ದೇವೆ. ಅದಕ್ಕೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಜ್ಞಾನವನ್ನು ಹೊಲಕ್ಕೆ, ಮಗ್ಗಕ್ಕೆ, ಕಾರ್ಖಾನೆಗೆ ಮುಟ್ಟಿಸುವುದು, ಮತ್ತು ಅಲ್ಲಿಯ ತೊಡಕುಗಳನ್ನು ಪ್ರಯೋಗಶಾಲೆಗೆ ಹೊತ್ತು ತರುವುದು, ಇದೇ ಆ ಉದ್ಯೋಗ. ಸದ್ಯಕ್ಕೆ ನಾವು ಇದನ್ನು ಸೇತುವೆಯ ಕೆಲಸವೆಂದು ಕರೆಯೋಣ.

ಇದೇನು ಹೊಸ ಹುಚ್ಚು ಎಂದು ಕೆಲವರು ಕೇಳಬಹುದು. ಹೊಸದಲ್ಲ. ನಮ್ಮ ನಾಡಿನಲ್ಲಿಯೇ ಇದಕ್ಕೆ ನೂರು ವರ್ಷ ಮೀರಿದ ಪರಂಪರೆಯಿದೆ.

ಶ್ರೀಗಂಧದ ಕಥೆಯನ್ನೇ ನೋಡಿರಿ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಬಹುಪಾಲು ಹಡಗನ್ನೇರಿ ಜರ್ಮನಿಗೆ ಹೋಗುತ್ತಿದ್ದುವು. ಮರ ನಮ್ಮದು; ಎಣ್ಣೆ ತೆಗೆಯುವ ವಿದ್ಯೆ ಅವರದು; ಲಾಭದ ಸಿಂಹಪಾಲೂ ಅವರದೇ. 1914ರಲ್ಲಿ ಯುದ್ಧ ಹತ್ತಿತು. ಕೊಳ್ಳುವವರಿಲ್ಲದೆ ಗಂಧವು ರಾಶಿ ಬಿದ್ದಿತು. ಆಗ ಸಂಸ್ಥಾನದ ಉದ್ಯಮ ಇಲಾಖೆಯ ಮುಖ್ಯರಾಗಿದ್ದವರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನಲ್ಲಿ ಜಮಶೇಟಜಿ ಟಾಟಾ ಅವರ ಸಂಕಲ್ಪದಿಂದ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರವಿತ್ತು. ಅಲ್ಲಿಯ ಸಡ್‌ಬರೊ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಗಂಧದೆಣ್ಣೆಯ ಬಟ್ಟಿಯಿಳಿಸುವಿಕೆಯನ್ನು ಪರೀಕ್ಷಿಸಿ ನೋಡಿದರು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ನಿಂತುವು. 1918ರಲ್ಲಿ ಸಾಬೂನಿನ ಕಾರ್ಖಾನೆಯೂ ಬಂದಿತು. ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನಿನ ಮರ್ಮವನ್ನು ಕಲಿತು ಬಂದರು. ಇಂದಿಗೂ ಮೈಸೂರು ಸ್ಯಾಂಡಲ್ ಸಾಬೂನು ಕೈಗೆ ಬಂದಾಗ ಆ ಪರಿಮಳದಲ್ಲಿ ಒಂದು ಪ್ರಯೋಗಶಾಲೆಯ ದುಡಿಮೆ ಬೆರೆತಿದೆಯೆಂದು ಎಷ್ಟು ಮಂದಿ ನೆನೆಯುತ್ತೇವೆ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಟ್ಟಿಗೆಯ ರಾಶಿಗೆ ತಾನಾಗಿ ಕಾಲು ಬಂದು ಪ್ರಯೋಗಶಾಲೆಗೆ ನಡೆಯಲಿಲ್ಲ. ರಸಾಯನಶಾಸ್ತ್ರಜ್ಞನೂ ತಾನಾಗಿ ಅರಣ್ಯದ ಡಿಪೋವನ್ನು ಹುಡುಕಿಕೊಂಡು ಹೋಗುವವನಲ್ಲ. ನಡುವೆ ಒಬ್ಬನು ಬೇಕಾಗುತ್ತದೆ. ಚಾಟರ್ಟನ್ನರು ಮೈಸೂರಿಗೆ ಬರುವ ಮುನ್ನ ಮದರಾಸಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಲ್ಲಿಯ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ಕೈಗಾರಿಕೆಯನ್ನು ಬೆಳೆಸಿದವರು. ಪಾಠದ ಕೋಣೆಯನ್ನೂ ಕುಲುಮೆಯನ್ನೂ ಎರಡನ್ನೂ ಕಂಡ ಕಣ್ಣು ಅವರದು. ಇಂಥ ಎರಡು ಕಣ್ಣಿನವರನ್ನೇ ನಾವು ಹುಡುಕುತ್ತಿರುವುದು.

ಇನ್ನು ಧಾರವಾಡದ ಕಡೆಗೆ ಬನ್ನಿರಿ. ಅಲ್ಲಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಬಿ. ಎಚ್. ಕಟರಕಿಯವರು 'ಲಕ್ಷ್ಮಿ' ಎಂಬ ಹತ್ತಿಯ ತಳಿಯನ್ನು ಉದ್ದ ಎಳೆಯ ಬಾರ್ಬಡೆನ್ಸ್ ಜಾತಿಯ ಹತ್ತಿಯೊಡನೆ ಕೂಡಿಸಿ 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು ನಾಡಿಗಿತ್ತರು. ಸಂಕರ ಬೀಜವನ್ನು ರೈತನು ತನ್ನ ಬೆಳೆಯಿಂದ ತೆಗೆದಿಡಲಾಗದು. ವರ್ಷವರ್ಷವೂ ಹೊಸದಾಗಿ ಮಾಡಬೇಕು. ಸಂಜೆ ಹೂವಿನ ಕೇಸರವನ್ನು ಕೈಯಿಂದ ತೆಗೆಯಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸಬೇಕು. ವಿಜ್ಞಾನಿಯ ಕೆಲಸ ತಳಿಯೊಂದಿಗೆ ಮುಗಿಯಿತೆನ್ನೋಣ. ಆದರೆ ಈ ನಾಜೂಕಿನ ಕೆಲಸವನ್ನು ಹಳ್ಳಿಯ ಕೈಗಳಿಗೆ ಕಲಿಸಿದವರಾರು? ಬೀಜ ಬೆಳೆಯುವ ರೈತನಿಗೂ ಅದನ್ನು ಕೊಳ್ಳುವ ವ್ಯಾಪಾರಿಗೂ ನಂಬಿಗೆ ಹುಟ್ಟಿಸಿದವರಾರು? ಇಂದು ರಾಣೇಬೆನ್ನೂರಿನ ಸೀಮೆಯು ಬೀಜೋತ್ಪಾದನೆಗೆ ಹೆಸರಾಗಿದೆಯಾದರೆ ಅದು ಒಬ್ಬ ವಿಜ್ಞಾನಿಯಿಂದ ಮಾತ್ರ ಆದುದಲ್ಲ. ಹೆಸರಿಲ್ಲದ ಅನೇಕ ಸೇತುವೆಗಾರರಿಂದಲೂ ಆದುದು.

ಮೂರನೆಯ ನಿದರ್ಶನ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನದು. 1974ರಲ್ಲಿ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ 'ಅಸ್ತ್ರ' ಎಂಬ ಕೇಂದ್ರವನ್ನು ತೆರೆದು, ಉಂಗ್ರ ಎಂಬ ಹಳ್ಳಿಯಲ್ಲಿ ತಮ್ಮ ವಿಸ್ತರಣ ಶಾಖೆಯನ್ನಿಟ್ಟರು. ಅಡಿಗೆಮನೆಯ ಹೊಗೆ, ಸೌದೆಯ ಹೊರೆ, ಮಣ್ಣಿನ ಇಟ್ಟಿಗೆ, ಇವೇ ಅವರ ಸಂಶೋಧನೆಯ ವಿಷಯಗಳಾದುವು. ಸೌದೆ ಉಳಿಸಿ ಹೊಗೆಯನ್ನು ಹೊರಗಟ್ಟುವ ಅಸ್ತ್ರ ಒಲೆಯು ಹೀಗೆ ಹುಟ್ಟಿತು. ಒಲೆಯ ಮುಂದೆ ಕುಳಿತ ತಾಯಿಯೂ ಉದ್ಯಮದವಳೇ ಎಂದು ಆ ಪಂಡಿತರು ಬಗೆದರು. ಉದ್ಯಮವೆಂದರೆ ದೊಡ್ಡ ಚಿಮಣಿ ಮಾತ್ರ ಎಂದುಕೊಂಡವರಿಗೆ ಇದು ಒಳ್ಳೆಯ ಪಾಠ.

ಪರದೇಶಗಳಲ್ಲಿ ಈ ಕೆಲಸವು ಶಾಸ್ತ್ರವಾಗಿಯೂ ವೃತ್ತಿಯಾಗಿಯೂ ಬೆಳೆದಿದೆ. ಅಮೇರಿಕದಲ್ಲಿ 1862ರ ಮಾರಿಲ್ ಕಾಯಿದೆಯು ಸರಕಾರಿ ಭೂಮಿಯ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳನ್ನು ನಿಲ್ಲಿಸಿತು. 1914ರ ಸ್ಮಿತ್-ಲೀವರ್ ಕಾಯಿದೆಯು ಆ ಕಾಲೇಜಿನ ವಿದ್ಯೆಯನ್ನು ರೈತನ ಮನೆಬಾಗಿಲಿಗೆ ಒಯ್ಯುವ ವಿಸ್ತರಣ ಸೇವೆಗೆ ಭದ್ರವಾದ ನೆಲೆಯನ್ನಿತ್ತಿತು. 1925ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳು ಒಂದು ನಿಧಿಯನ್ನು ಸ್ಥಾಪಿಸಿ, ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರಾಧ್ಯಾಪಕನು ಕಂಡುಹಿಡಿದ 'ಡಿ' ಜೀವಸತ್ವದ ವಿಧಾನದ ಪೇಟೆಂಟನ್ನು ನಡೆಸಿ, ಬಂದ ಹಣವನ್ನು ಮರಳಿ ಸಂಶೋಧನೆಗೇ ಸುರಿದರು. ಸ್ಟ್ಯಾನ್‌ಫರ್ಡಿನಲ್ಲಿ ನೀಲ್ಸ್ ರೈಮರ್ಸ್ ಎಂಬವನು 1970ರಲ್ಲಿ ಇದಕ್ಕಾಗಿಯೇ ಒಂದು ಕಚೇರಿಯನ್ನು ತೆರೆದನು. 1980ರ ಬೈ-ಡೋಲ್ ಕಾಯಿದೆಯು ಸರಕಾರದ ಹಣದಿಂದಾದ ಶೋಧಗಳ ಒಡೆತನವನ್ನು ವಿಶ್ವವಿದ್ಯಾನಿಲಯಗಳೇ ಇಟ್ಟುಕೊಳ್ಳಬಹುದೆಂದಿತು. ಅಂದಿನಿಂದ ಇಂಥ ಕಚೇರಿಗಳು ಅಲ್ಲಿ ಎಲ್ಲೆಡೆ ಹಬ್ಬಿದುವು. ನಮ್ಮಲ್ಲಿಯೂ ವಿಜ್ಞಾನ ಮಂದಿರವು 1975ರಲ್ಲಿ ಕೈಗಾರಿಕಾ ಸಲಹಾ ಕೇಂದ್ರವನ್ನು ತೆರೆಯಿತು. ದಿಲ್ಲಿ, ಮದರಾಸುಗಳ ಐಐಟಿಗಳೂ ತಮ್ಮ ತಮ್ಮ ಏರ್ಪಾಡುಗಳನ್ನು ಮಾಡಿಕೊಂಡವು.

ಹಾಗಾದರೆ ಈ ಉದ್ಯೋಗದಲ್ಲಿ ಯಾವ ಯಾವ ಸ್ಥಾನಗಳಿವೆ? ಶೋಧವನ್ನು ಪರೀಕ್ಷಿಸಿ ಪೇಟೆಂಟಿಗೆ ಅರ್ಜಿ ಬರೆಯುವವನು ಒಬ್ಬ. ವಿಜ್ಞಾನದಲ್ಲಿಯೋ ಇಂಜಿನಿಯರಿಂಗಿನಲ್ಲಿಯೋ ಪದವಿಯಿದ್ದವನು ಪೇಟೆಂಟ್ ಏಜಂಟರ ಪರೀಕ್ಷೆಯನ್ನು ಮುಗಿಸಿ ಇದನ್ನು ವೃತ್ತಿಯಾಗಿ ಹಿಡಿಯಬಹುದು. ಆ ಪೇಟೆಂಟನ್ನು ಕಂಪನಿಗೆ ಪರವಾನಗಿಯ ಮೇಲೆ ಕೊಟ್ಟು ಕರಾರನ್ನು ಕುದುರಿಸುವವನು ಇನ್ನೊಬ್ಬ; ಇವನಿಗೆ ಕಾಯಿದೆಯೂ ಲೆಕ್ಕವೂ ಬೇಕು. ಕಾರ್ಖಾನೆಗಳನ್ನು ಸುತ್ತಿ ಅವುಗಳ ತೊಡಕನ್ನು ಕೇಳಿಬಂದು, ತಕ್ಕ ಪ್ರಾಧ್ಯಾಪಕರಿಗೆ ಒಪ್ಪಿಸುವ ಸಂಪರ್ಕಾಧಿಕಾರಿ ಮೂರನೆಯವನು. ಹೊಸ ಉದ್ಯಮ ಹೂಡುವ ವಿದ್ಯಾರ್ಥಿಗಳಿಗೆ ಜಾಗ, ಸಲಹೆ, ಬಂಡವಾಳದ ದಾರಿ ತೋರುವ ಇನ್‌ಕ್ಯುಬೇಟರಿನ ವ್ಯವಸ್ಥಾಪಕ ನಾಲ್ಕನೆಯವನು. ಜಿಲ್ಲೆಯ ಒಟ್ಟು ಕಸುಬುಗಳನ್ನು ಅಳೆದು, ಯಾವ ವಿದ್ಯೆ ಎಲ್ಲಿಗೆ ಬೇಕೆಂದು ಹೇಳಬಲ್ಲ ಅರ್ಥಶಾಸ್ತ್ರಜ್ಞ ಐದನೆಯವನು. ಇವರೆಲ್ಲ ಗಂಡಸರೇ ಆಗಬೇಕೆಂದಿಲ್ಲ. ಹೆಣ್ಣುಮಕ್ಕಳಿಗೂ ಈ ದಾರಿ ಸಮನಾಗಿ ತೆರೆದಿದೆ.

ಈ ಕೆಲಸ ಕೆಟ್ಟರೆ ಏನಾಗುತ್ತದೆಂಬುದನ್ನು ನಾವು ಪುಸ್ತಕದಿಂದಲ್ಲ, ಅನುಭವದಿಂದ ಹೇಳುತ್ತೇವೆ. ನಾವು ಕೆಲವು ವರ್ಷ ಒಂದು ಕಾಲೇಜಿನಲ್ಲಿ ಇದೇ ಚಾಕರಿಯಲ್ಲಿದ್ದೆವು. ಒಂದು ದಿನ ಎರಕದ ಕಾರ್ಖಾನೆಯ ಯಜಮಾನರೊಬ್ಬರು ಚೀಲದಲ್ಲಿ ನಾಲ್ಕು ಎರಕದ ತುಂಡುಗಳನ್ನು ಹೊತ್ತು ತಂದರು. ತುಂಡುಗಳ ತುಂಬ ಗಾಳಿಯ ತೂತುಗಳು. ಕೊಳ್ಳುವವರು ಮಾಲನ್ನು ಹಿಂದಿರುಗಿಸುತ್ತಿದ್ದರು. ನಮ್ಮ ಪ್ರಾಧ್ಯಾಪಕರು ಒಂದೇ ವಾರದಲ್ಲಿ ಕಾರಣ ಕಂಡರು: ಅಚ್ಚಿನ ಮರಳಿನಲ್ಲಿ ತೇವ ಹೆಚ್ಚು, ಆವಿಗೆ ಹೊರಹೋಗಲು ದಾರಿ ಸಾಲದು. ಔಷಧ ಇಷ್ಟು ಸುಲಭ. ಆದರೆ ವರದಿಯನ್ನು ಕರಾರಿಲ್ಲದೆ ಕೊಡಬಾರದೆಂದು ಕಚೇರಿ ಹೇಳಿತು. ಕರಾರಿಗೆ ಇಂಗ್ಲಿಷಿನ ಹನ್ನೊಂದು ಪುಟ. ಅದಕ್ಕೆ ನಾಲ್ಕು ಸಹಿ. ಏಳು ತಿಂಗಳು ಕಳೆದುವು. ನಾವು ವರದಿಯನ್ನು ಹಿಡಿದು ಹೋದಾಗ ಕುಲುಮೆ ಆರಿತ್ತು. ಯಜಮಾನರು ನಮ್ಮನ್ನು ಬೈಯಲಿಲ್ಲ. ಚಹ ಕೊಟ್ಟು, "ಇದರಲ್ಲಿ ಏನು ಬರೆದಿದೆ, ಒಂದು ಸಾರಿ ಕನ್ನಡದಲ್ಲಿ ಹೇಳಿಬಿಡಿ" ಎಂದರು. ಹೇಳಿದೆವು. ಎರಡು ನಿಮಿಷ ಹಿಡಿಯಿತು.

ಕಚೇರಿಯನ್ನು ದೂರುವುದು ಸುಲಭ. ಆದರೆ ಆ ಏಳು ತಿಂಗಳಲ್ಲಿ ನಾವು ಒಂದು ಸಲವಾದರೂ ಆ ಎರಡು ನಿಮಿಷದ ಮಾತನ್ನು ಹೇಳಲು ಅಪ್ಪಣೆ ಬೇಡಿದ್ದೆವೇ? ಇಲ್ಲ. ನಾಲ್ಕು ಸಹಿಗಳ ಹಿಂದೆ ಒಂದೊಂದು ಬಾಗಿಲಿಗೆ ನಡೆದಿದ್ದೆವೇ? ಅದೂ ಇಲ್ಲ. ಕಾಗದ ನಡೆಯುತ್ತಿದೆಯೆಂದು ನಂಬಿ ಕುಳಿತೆವು. ಸೇತುವೆಯಾಗಬೇಕಾದವರು ಸುಂಕದ ಕಟ್ಟೆಯಾದೆವು. ಆ ತಪ್ಪಿನ ಋಣವೇ ನಮ್ಮನ್ನು ಇಂದು ಇಲ್ಲಿ ಮಾತನಾಡಿಸುತ್ತಿದೆ.

ಇದರಿಂದ ಸಿದ್ಧವಾಗುವುದೇನೆಂದರೆ, ಈ ಉದ್ಯೋಗಕ್ಕೆ ಬರುವವನಿಗೆ ಮೂರು ಸಾಮಗ್ರಿ ಬೇಕು. ಒಂದು, ಯಾವುದಾದರೊಂದು ಶಾಸ್ತ್ರದಲ್ಲಿ ಗಟ್ಟಿಯಾದ ಬುನಾದಿ. ಎರಡು, ಕಾಯಿದೆ ಮತ್ತು ಲೆಕ್ಕದ ಹದವಾದ ಪರಿಚಯ. ಪೇಟೆಂಟಿನ ಅವಧಿ ಇಪ್ಪತ್ತು ವರ್ಷವೆಂಬುದೂ, ಅರ್ಜಿಗೆ ಮೊದಲೇ ಶೋಧವನ್ನು ಲೇಖನದಲ್ಲಿ ಬಯಲು ಮಾಡಿದರೆ ಸಾಮಾನ್ಯವಾಗಿ ಹಕ್ಕು ಕೈತಪ್ಪುವುದೆಂಬುದೂ ತಿಳಿಯದ ಪ್ರಾಧ್ಯಾಪಕರು ಇಂದಿಗೂ ಇದ್ದಾರೆ; ಅವರಿಗೆ ಸಕಾಲದಲ್ಲಿ ಎಚ್ಚರಿಕೆ ಹೇಳುವವನು ಬೇಕು. ಮೂರನೆಯದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದುದು, ಭಾಷೆ. ಪಂಡಿತನ ಇಂಗ್ಲಿಷನ್ನು ಕಮ್ಮಾರನ ಕನ್ನಡಕ್ಕೂ, ಕಮ್ಮಾರನ ಕನ್ನಡವನ್ನು ಪಂಡಿತನ ಇಂಗ್ಲಿಷಿಗೂ ಅರ್ಥ ಕೆಡದಂತೆ ದಾಟಿಸಬಲ್ಲವನೇ ಈ ಕೆಲಸಕ್ಕೆ ಅರ್ಹ. ಕನ್ನಡವನ್ನು ಚೆನ್ನಾಗಿ ಬಲ್ಲ ವಿಜ್ಞಾನ ಪದವೀಧರನಿಗೆ ಇದಕ್ಕಿಂತ ಉಚಿತವಾದ ಕ್ಷೇತ್ರ ಯಾವುದಿದೆ?

ಆದರೆ ಒಂದು ಭಯವನ್ನು ಮರೆಮಾಚಲಾಗದು. ವಿದ್ಯಾಪೀಠವು ಅಂಗಡಿಯಾದೀತೆಂಬ ಹಿರಿಯರ ಆತಂಕ ಸುಳ್ಳಲ್ಲ. ಮೇಲೆ ಹೇಳಿದ ವಿಸ್ಕಾನ್ಸಿನ್ನಿನ ನಿಧಿಯೇ ಇದಕ್ಕೆ ಸಾಕ್ಷಿ. ಹಾಲು ಬೆಣ್ಣೆಯ ವ್ಯಾಪಾರಕ್ಕೆ ಕುಂದು ಬಾರದಿರಲೆಂದು ಅದು ಮಾರ್ಗರಿನ್ನಿಗೆ 'ಡಿ' ಜೀವಸತ್ವ ಕೂಡಿಸಲು ಪರವಾನಗಿ ಕೊಡಲಿಲ್ಲ. ಮಾರ್ಗರಿನ್ ಬಡವರ ಬೆಣ್ಣೆ. ಮೂಳೆ ಸೊಟ್ಟಾಗುವ ರೋಗಕ್ಕೆ ಮದ್ದಾದ ವಸ್ತುವನ್ನು ಬಡವನ ತಾಟಿನಿಂದ ದೂರವಿಟ್ಟುದನ್ನು 1940ರ ದಶಕದಲ್ಲಿ ಅಲ್ಲಿಯ ನ್ಯಾಯಾಲಯವೇ ಆಕ್ಷೇಪಿಸಿತು, ಪೇಟೆಂಟೂ ಉಳಿಯಲಿಲ್ಲ. ಆದುದರಿಂದ ಸೇತುವೆಯ ಮೇಲೆ ನಿಂತವನು ಕರಾರಿಗೆ ರುಜು ಹಾಕಿಸುವ ಮುನ್ನ ಮೂರು ಮಾತು ಕೇಳಲೇಬೇಕು. ಇದರಿಂದ ಸಾರ್ವಜನಿಕರಿಗೆ ದೊರೆಯಬೇಕಾದುದು ಮುಚ್ಚಿಹೋಗುವುದೇ? ವಿದ್ಯಾರ್ಥಿಯ ಪ್ರಬಂಧ ಕಂಪನಿಯ ಪೆಟ್ಟಿಗೆಯಲ್ಲಿ ಬೀಗ ಬೀಳುವುದೇ? ಹಣ ಕೊಟ್ಟವನಿಗೆ ಬೇಡವಾದ ಸತ್ಯವನ್ನು ಹೇಳುವ ಸ್ವಾತಂತ್ರ್ಯ ಉಳಿಯುವುದೇ? ಈ ಪ್ರಶ್ನೆಗಳಿಗೆ ನೇರ ಉತ್ತರ ದೊರೆಯದಿದ್ದಲ್ಲಿ ಲಾಭ ಎಷ್ಟೇ ಇರಲಿ, ಹಿಂದೆ ಸರಿಯುವುದೇ ಧರ್ಮ.

ಉಪಾಧ್ಯಾಯ ಬಂಧುಗಳೇ, ಕೊನೆಗೆ ತಮ್ಮಲ್ಲಿ ನಮ್ಮ ಬಿನ್ನಹವಿಷ್ಟು. ತಮ್ಮ ಊರಿನಲ್ಲಿ ಯಾವ ಕಸುಬು ಕುಂದುತ್ತಿದೆ, ಯಾವುದು ಏಳುತ್ತಿದೆ ಎಂದು ಹುಡುಗರಿಂದಲೇ ಬರೆಯಿಸಿರಿ. ಮಗ್ಗದ ಮನೆಗೆ, ಎಣ್ಣೆಯ ಗಾಣಕ್ಕೆ, ಎರಕದ ಕುಲುಮೆಗೆ ಅವರನ್ನು ಕರೆದೊಯ್ದು, "ನಿಮಗೆ ತೊಡಕೇನು?" ಎಂದು ಕೇಳಲು ಕಲಿಸಿರಿ. ಸಮೀಪದ ಕಾಲೇಜಿನ ಪ್ರಾಧ್ಯಾಪಕರನ್ನು ವರ್ಷಕ್ಕೊಮ್ಮೆಯಾದರೂ ಕರೆಯಿಸಿ ಆ ತೊಡಕುಗಳನ್ನು ಅವರ ಮುಂದಿಡಿರಿ. ಪುರಜನರೇ, ತಾವು ಕಾಲೇಜಿನ ಕಟ್ಟಡಕ್ಕೆ ದಾನ ಕೊಟ್ಟಿರಿ. ಈಗ ಅದರ ಬಾಗಿಲಿಗೆ ಹೋಗಿ ಕೆಲಸ ಕೇಳಿರಿ. ಕೇಳುವವರಿಲ್ಲದ ವಿದ್ಯೆಯು ಕೊಳ್ಳುವವರಿಲ್ಲದ ಗಂಧದಂತೆ ರಾಶಿ ಬೀಳುತ್ತದೆ.

ಮುಂದಿನ ಬೇಸಿಗೆಯಲ್ಲಿ ತಂದೆಯೊಬ್ಬನು ತಮ್ಮ ಬಾಗಿಲಿಗೆ ಬಂದು "ಯಾವ ದಾರಿ?" ಎಂದು ಕೇಳಿದಾಗ ಈ ದಾರಿಯನ್ನೂ ಹೇಳಿರಿ. ಸಂಬಳ ಮೊದಲಿಗೆ ದೊಡ್ಡದಿರಲಾರದು, ಹೆಸರೂ ಬಾರದೆ ಹೋಗಬಹುದು ಎಂದು ಮರೆಮಾಚದೆ ಹೇಳಿರಿ. ಆದರೆ ಆರಬೇಕಾಗಿದ್ದ ಒಂದು ಕುಲುಮೆಯು ತನ್ನಿಂದ ಉರಿಯುತ್ತಿರುವುದನ್ನು ಅವನು ತನ್ನ ಊರಿನಲ್ಲಿಯೇ ನಿಂತು ಕಾಣಬಹುದು. ಅಷ್ಟು ಸಾಕೆನ್ನುವ ಹುಡುಗರು ನಮ್ಮ ಶಾಲೆಗಳಲ್ಲಿ ಇದ್ದಾರೆಂದೇ ನಾವು ನಂಬಿದ್ದೇವೆ.