ರೆಕ್ಕೆಯಿಲ್ಲದ ಬೀಜ



ನಮ್ಮ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರು ಪೈನ್ ಮರವನ್ನು ಮೊದಲು ನೋಡುವುದು ಪ್ರಾಕ್ಟಿಕಲ್ ಕೊಠಡಿಯ ಗಾಜಿನ ಜಾಡಿಯಲ್ಲಿ. ಫಾರ್ಮಲಿನ್ ವಾಸನೆ ಹೊಡೆಯುವ ಸೂಜಿ ಎಲೆಯನ್ನು ಕ್ಯಾರೆಟ್ ತುಂಡಿನ ಸೀಳಿಗೆ ಸಿಕ್ಕಿಸಿ, ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಸ್ಯಾಫ್ರನಿನ್ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಪುಟದಲ್ಲಿ ರೆಕ್ಕೆ ಅಂಟಿಕೊಂಡ ಬೀಜದ ಚಿತ್ರ. ಪೈನ್‌ನ ಸೂಜಿಗಳು ಎರಡೋ ಮೂರೋ ಐದೋ ಸೇರಿ ಗೊಂಚಲಾಗಿ ಹುಟ್ಟುತ್ತವೆ, ಬೀಜಕ್ಕೆ ರೆಕ್ಕೆ ಇರುತ್ತದೆ, ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಪರೀಕ್ಷೆಗೆ ಇಷ್ಟು ಸಾಕಿತ್ತು.

ಇವತ್ತು ನಾನು ಹೇಳಹೊರಟಿರುವ ಮರ ಈ ಎರಡು ಮಾತನ್ನೂ ಸುಳ್ಳು ಮಾಡುತ್ತದೆ. ಅದರ ಬೀಜಕ್ಕೆ ರೆಕ್ಕೆ ಇಲ್ಲ. ಸೂಜಿ ಎಲೆಯೋ, ಒಂದೊಂದೇ, ಒಂಟಿ. ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಪೈನ್‌ಗಳಿವೆ; ಒಂಟಿ ಸೂಜಿಯೇ ವಾಡಿಕೆಯಾಗಿರುವುದು ಇದೊಂದಕ್ಕೆ ಮಾತ್ರ. ಹೆಸರು ಪೈನಸ್ ಮೊನೊಫಿಲ್ಲಾ. ಗ್ರೀಕ್ ಮಾತಿನಲ್ಲಿ ‘ಒಂದೆಲೆ’ ಎಂದೇ ಅರ್ಥ. ಊರು, ಅಮೆರಿಕದ ಪಶ್ಚಿಮದ ನೆವಾಡಾ, ಅದರ ಆಚೀಚಿನ ಕ್ಯಾಲಿಫೋರ್ನಿಯಾ ಮತ್ತು ಯೂಟಾದ ಒಣ ಬೆಟ್ಟಗಳು. ಸ್ಯಾನ್ ಫ್ರಾನ್ಸಿಸ್ಕೊ ಕಡೆ ಇರುವ ನಮ್ಮ ಹುಡುಗರು ರಜೆಗೆ ಟಾಹೋ ಸರೋವರಕ್ಕೆ ಹೋಗುತ್ತಾರಲ್ಲ, ಅಲ್ಲಿಂದ ಪರ್ವತ ಇಳಿದು ಪೂರ್ವಕ್ಕೆ ಹೊರಳಿದರೆ ಈ ಮರದ ಸೀಮೆ ಶುರು.

ನೋಡಲು ದೊಡ್ಡ ಮರವೇನಲ್ಲ. ನಮ್ಮ ಊಟಿಯ ತೋಪಿನಲ್ಲಿ ಕಂಬದಂತೆ ನಿಂತ ಪೈನ್‌ಗಳನ್ನು ಮನಸ್ಸಿನಿಂದ ಅಳಿಸಿಬಿಡಿ. ಇದು ಸಾಮಾನ್ಯವಾಗಿ ಐದರಿಂದ ಹತ್ತು ಮೀಟರ್ ಎತ್ತರದ, ದುಂಡುತಲೆಯ, ವಯಸ್ಸಾದಂತೆ ಸೊಟ್ಟಗಾಗುವ ಮರ. ಸೂಜಿ ನಾಲ್ಕರಿಂದ ಆರು ಸೆಂಟಿಮೀಟರ್ ಉದ್ದ, ಗಡುಸು, ತುದಿ ಚೂಪು, ಬೂದಿ ಬೆರೆಸಿದಂಥ ಹಸಿರು. ಬೆಳವಣಿಗೆ ಬಲು ನಿಧಾನ. ಕಾಯಿ ಬಿಡುವುದಕ್ಕೇ ಇಪ್ಪತ್ತು ವರ್ಷ ದಾಟಬೇಕು, ಚೆನ್ನಾಗಿ ಬಿಡಲು ಮುಕ್ಕಾಲು ಶತಮಾನವಾದರೂ ಆಗಬೇಕು. ಆಮೇಲೆ ನೂರಾರು ವರ್ಷ ಬಿಡುತ್ತಲೇ ಇರುತ್ತದೆ.

ಒಂಟಿ ಎಲೆಯ ವಿಷಯವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಚರ್ಚೆ ನಡೆಯಿತು. ಇದು ನಿಜಕ್ಕೂ ಒಂದೇ ಎಲೆಯೋ, ಬೆಸೆದುಕೊಂಡ ಎರಡು ಎಲೆಯೋ? ಉತ್ತರ ಸಿಕ್ಕಿದ್ದು ನಾವು ಬ್ಲೇಡು ಹಿಡಿದು ಮಾಡುತ್ತಿದ್ದ ಕೆಲಸದಿಂದಲೇ. ಅಡ್ಡಕೊಯ್ದರೆ ಸೂಜಿ ದುಂಡಗೆ ಕಾಣುತ್ತದೆ. ನಡುವೆ ನೀರು, ಆಹಾರ ಸಾಗಿಸುವ ನಾಳಗಳ ಕಟ್ಟು ಒಂದೇ ಒಂದು. ಎರಡು ಸೂಜಿ ಕೂಡಿದ್ದರೆ ಈ ಬಳಗದ ಪೈನ್‌ನಲ್ಲಿ ಎರಡು ಕಟ್ಟು ಇರಬೇಕಿತ್ತು. ಆದ್ದರಿಂದ ಒಂದು ಎಲೆ ಬೆಳೆಯಿತು, ಜೊತೆಯದು ಬೆಳೆಯಲೇ ಇಲ್ಲ ಎಂದು ತಿಳಿಯುವುದು ಸರಿ. ಈಗಲೂ ಒಮ್ಮೊಮ್ಮೆ ಯಾವುದೋ ಕೊಂಬೆಯಲ್ಲಿ ಜೋಡಿ ಸೂಜಿ ಇಣುಕುವುದುಂಟು.

ಇದರ ಲಾಭವೇನು? ಇಡೀ ಸೌತೆಕಾಯಿ ಎರಡು ದಿನ ತಾಳುತ್ತದೆ, ಸೀಳಿಟ್ಟರೆ ಸಂಜೆಗೇ ಬಾಡುತ್ತದೆ. ದುಂಡನೆಯ ಒಂದು ಸೂಜಿಗೆ ಗಾಳಿಗೆ ತೆರೆದ ಮೈ ಕಡಿಮೆ. ಅದನ್ನೇ ಎರಡು ಸೀಳಾಗಿಸಿದರೆ ಹೆಚ್ಚು. ಬೇಸಿಗೆ ಮಳೆ ಬೀಳುವ ನ್ಯೂ ಮೆಕ್ಸಿಕೊ, ಕೊಲರಾಡೊ ಕಡೆ ಇದರ ದಾಯಾದಿ ಪೈನಸ್ ಎಡ್ಯುಲಿಸ್‌ಗೆ ಎರಡು ಸೂಜಿ. ಇನ್ನೂ ದಕ್ಷಿಣಕ್ಕೆ ಹೋದರೆ ಮೆಕ್ಸಿಕೊದ ಪೈನಸ್ ಸೆಂಬ್ರಾಯ್ಡಿಸ್‌ಗೆ ಬಹುಮಟ್ಟಿಗೆ ಮೂರು. ಚಳಿಗಾಲದ ಹಿಮವನ್ನೇ ನಂಬಿ, ಬೇಸಿಗೆಯಿಡೀ ಒಣಗುವ ನೆವಾಡಾದಲ್ಲಿ ಒಂದು. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿಬಂದರೆ ನನಗೆ ಸ್ವಲ್ಪ ಅನುಮಾನವೇ, ಆದರೂ ಒಟ್ಟು ದಿಕ್ಕು ಹೌದು.

ಇವನ್ನೆಲ್ಲ ಸೇರಿಸಿ ಪಿನ್ಯನ್ ಎನ್ನುತ್ತಾರೆ. ಪೈನ್ ಬೀಜಕ್ಕೆ ಸ್ಪೇನಿನವರು ಹೇಳುವ ‘ಪಿನ್ಯೋನ್’ ಎಂಬ ಮಾತೇ ಮರಕ್ಕೂ ಹೆಸರಾಯಿತು. ಯುರೋಪಿನವರ ಪೈಕಿ ಇದರ ಬಗ್ಗೆ ಮೊದಲು ಬರೆದಿಟ್ಟವನು ಕಬೇಸಾ ದೆ ವಾಕಾ ಎಂಬ ಸ್ಪೇನಿನ ಮನುಷ್ಯ. ಹಡಗು ಒಡೆದು, ಸಂಗಡಿಗರು ಸತ್ತು, 1530ರ ದಶಕದಲ್ಲಿ ಟೆಕ್ಸಸ್, ಮೆಕ್ಸಿಕೊ ಸೀಮೆಯಲ್ಲಿ ವರ್ಷಗಟ್ಟಲೆ ಅಲೆದವನು. 1542ರಲ್ಲಿ ಅಚ್ಚಾದ ಅವನ ವೃತ್ತಾಂತದಲ್ಲಿ, ಇಲ್ಲಿನ ಪೈನ್ ಬೀಜ ನಮ್ಮ ದೇಶದ್ದಕ್ಕಿಂತ ಮೇಲು, ಸಿಪ್ಪೆ ತೆಳು ಎಂಬ ಮಾತು ಬರುತ್ತದೆ. ಹಸಿವಿನ ನಾಲಗೆಯಾದರೂ ಅವನ ಗಮನಿಕೆ ಸರಿಯಾಗಿಯೇ ಇದೆ.

ನಮ್ಮ ಒಂದೆಲೆಯ ಪೈನ್ ಪುಸ್ತಕಕ್ಕೆ ಬಂದದ್ದು ಇನ್ನೂ ಮುನ್ನೂರು ವರ್ಷ ಕಳೆದ ಮೇಲೆ. 1844ರ ಜನವರಿ. ಜಾನ್ ಚಾರ್ಲ್ಸ್ ಫ್ರೆಮಾಂಟ್ ಎಂಬ ಸೇನೆಯ ಅಧಿಕಾರಿ, ದಾರಿ ಬಲ್ಲ ಕಿಟ್ ಕಾರ್ಸನ್ ಮೊದಲಾದವರನ್ನು ಕಟ್ಟಿಕೊಂಡು ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವದ ಬುಡದಲ್ಲಿ ಹಿಮದೊಳಗೆ ಸಿಕ್ಕಿಕೊಂಡಿದ್ದ. ನಕ್ಷೆ ಬರೆಯಲು ಬಂದವನ ಹಿಂದೆ ಒಂದು ಫಿರಂಗಿ ಬೇರೆ. ಅದನ್ನು ಕೆಲವೇ ದಿನಗಳಲ್ಲಿ ಹಿಮದಲ್ಲೇ ಬಿಟ್ಟುಹೋಗಬೇಕಾಯಿತು. ಜನವರಿ 24ರ ಬೆಳಿಗ್ಗೆ ದಂಡು ಹೊರಡುವ ಹೊತ್ತಿಗೆ ವಯಸ್ಸಾದ ಒಬ್ಬ ಮೂಲನಿವಾಸಿ ಓಡೋಡಿ ಬಂದ. ಕೈಯಲ್ಲಿ ಚಿಕ್ಕ ತೊಗಲಿನ ಚೀಲ, ಚೀಲದಲ್ಲಿ ಕೆಲವು ಪೌಂಡ್ ಬೀಜ. ಫ್ರೆಮಾಂಟ್ ಅಷ್ಟನ್ನೂ ಕೊಂಡ. ತಿಂದು ನೋಡಿ ಎಣ್ಣೆಯಂಶವಿದೆ, ರುಚಿಯಾಗಿದೆ, ಚಳಿಗಾಲದಲ್ಲಿ ಈ ಜನ ಇದನ್ನೇ ನೆಚ್ಚಿ ಬದುಕುತ್ತಾರೆ ಎಂದು ಬರೆದುಕೊಂಡ. ಮರವನ್ನು ಮೊದಲ ಸಲ ಕಂಡದ್ದೂ ಅವತ್ತೇ.

ಆ ಪ್ರಯಾಣದಲ್ಲಿ ಕೂಡಿಸಿದ ಗಿಡಗಳ ಗತಿ ಕೇಳಬೇಡಿ. ಹೊತ್ತಿದ್ದ ಹೇಸರಗತ್ತೆ ಪ್ರಪಾತಕ್ಕೆ ಬಿದ್ದು ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದದ್ದರಲ್ಲಿ ಬಹಳಷ್ಟನ್ನು ಮರಳುವ ದಾರಿಯಲ್ಲಿ ಪ್ರವಾಹ ಕೆಡಿಸಿತು. ಅಳಿದುಳಿದದ್ದನ್ನು ಸಸ್ಯಶಾಸ್ತ್ರಜ್ಞ ಜಾನ್ ಟಾರಿ ಪರೀಕ್ಷಿಸಿದ. 1845ರ ವರದಿಯಲ್ಲಿ ಮರಕ್ಕೆ ಹೆಸರಿಟ್ಟಾಯಿತು. ಇವತ್ತಿಗೂ ಆ ಹೆಸರಿನ ಹಿಂದೆ ಟಾರಿ, ಫ್ರೆಮಾಂಟ್ ಇಬ್ಬರ ಹೆಸರೂ ಅಂಟಿಕೊಂಡಿದೆ. ಚೀಲ ತಂದವನ ಹೆಸರನ್ನು ಯಾರೂ ಕೇಳಿ ಬರೆದುಕೊಳ್ಳಲಿಲ್ಲ.

ಅವನಿಗೂ ಅವನ ಜನಕ್ಕೂ ಅದು ಹೊಸ ಮರವಾಗಿರಲಿಲ್ಲ. ವಾಶೋ, ಪಾಯೂಟ್, ಪಶ್ಚಿಮದ ಶೊಶೋನಿ ಜನರ ವರ್ಷದ ಲೆಕ್ಕವೇ ಈ ಕಾಯಿಯ ಮೇಲೆ ನಿಂತಿತ್ತು. ಬೇಸಿಗೆ ಮುಗಿಯುತ್ತಲೇ ಬೆಟ್ಟಕ್ಕೆ ಹೊರಡುವುದು. ನಮ್ಮ ದೋಟಿಯಂಥದೇ ಉದ್ದನೆಯ ಕೋಲಿನಿಂದ ಕಾಯಿ ಕೀಳುವುದು. ಕಾಯಿ ಎಂದರೆ ಪೈನ್‌ನ ಶಂಕು. ಪ್ರವಾಸಕ್ಕೆ ಹೋದವರು ಆಯ್ದು ತಂದು ಬಣ್ಣ ಬಳಿದು ಷೋಕೇಸಿನಲ್ಲಿಡುತ್ತಾರಲ್ಲ, ಅದರ ಜಾತಿ. ಹಸಿಯದು ರಾಳದಿಂದ ಜಿಗುಟಾಗಿರುತ್ತದೆ, ಕೈಗೆ ಅಂಟಿದರೆ ಬಿಡದು. ಹಾಗಾಗಿ ಗುಂಡಿಯಲ್ಲಿ ಕೆಂಡ ಹಾಕಿ ಸುಡುತ್ತಿದ್ದರು. ರಾಳ ಉರಿದು ಹೋಗಿ, ಹುರುಪೆಗಳು ಬಿರಿದು ಬೀಜ ಕೈಗೆ ಬರುತ್ತಿತ್ತು. ಆಮೇಲೆ ಮೊರ. ಬೀಜದ ಜೊತೆಗೇ ಕೆಂಡವನ್ನೂ ಮೊರಕ್ಕೆ ಹಾಕಿ, ಮೊರ ಸುಡದ ಹಾಗೆ, ಬೀಜ ಸೀಯದ ಹಾಗೆ ನಿಲ್ಲಿಸದೆ ಕೇರುವುದು. ಹುರಿಕಡಲೆ ಹುರಿಯುವವರ ಕೈ ನೋಡಿದವರಿಗೆ ಇದರ ಕಷ್ಟ ಅರ್ಥವಾದೀತು. ಸಿಪ್ಪೆ ತೆಗೆದು, ಕಲ್ಲಿನ ಮೇಲೆ ಅರೆದರೆ ಹಿಟ್ಟು. ಹಿಟ್ಟಿಗೆ ನೀರು ಸೇರಿಸಿದರೆ ಗಂಜಿ. ರಾಳವನ್ನೂ ಬಿಡಲಿಲ್ಲ. ಹೆಣೆದ ಬುಟ್ಟಿಗೆ ಬಳಿದು ನೀರು ಸೋರದ ಕೊಡ ಮಾಡಿಕೊಂಡರು.

ಗಂಜಿಗೆ ಒಗ್ಗುವುದಕ್ಕೂ ಕಾರಣವಿದೆ. ಎರಡೆಲೆಯ ಪಿನ್ಯನ್ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಒಂದೆಲೆಯದರಲ್ಲಿ ಎಣ್ಣೆ ಸುಮಾರು ಕಾಲು ಭಾಗ, ಅರ್ಧದಷ್ಟು ಪಿಷ್ಟ. ಅದನ್ನು ಕಡಲೆಕಾಯಿಗೆ ಹೋಲಿಸಿದರೆ ಇದನ್ನು ಹಲಸಿನ ಬೀಜಕ್ಕೆ ಹೋಲಿಸಬಹುದೇನೋ. ನಮ್ಮ ಒಣಹಣ್ಣಿನ ಅಂಗಡಿಗಳಲ್ಲಿ ಚಿನ್ನದ ಬೆಲೆಗೆ ಮಾರುವ ಚಿಲ್ಗೋಜಾ ಕೂಡ ಪೈನ್ ಬೀಜವೇ. ಅದು ಕಿನ್ನೌರ್ ಕಡೆಯ ಹಿಮಾಲಯದ, ಮೂರು ಸೂಜಿಯ ಬೇರೊಂದು ಮರ.

ಕಾಯಿ ಹಣ್ಣಾಗಲು ಎರಡು ಬೇಸಿಗೆ ಬೇಕು. ಈ ವರ್ಷದ ಕಾಯಿ ಕೀಳುವಾಗಲೇ ಕೊಂಬೆಯಲ್ಲಿ ಮುಂದಿನ ವರ್ಷದ ಗೋಲಿಯಂಥ ಎಳೆಗಾಯಿ ಕಾಣುತ್ತದೆ. ಎಲ್ಲ ವರ್ಷವೂ ಫಸಲು ಇರದ ಮರ ಇದು; ಒಂದು ಬೆಟ್ಟದಲ್ಲಿ ಸುಗ್ಗಿಯಾದರೆ ಪಕ್ಕದ್ದು ಬರಿದು. ಮುಂದಿನ ಸಲ ಯಾವ ಬೆಟ್ಟಕ್ಕೆ ಹೋಗಬೇಕೆಂದು ಹಿರಿಯರಿಗೆ ಒಂದು ವರ್ಷ ಮೊದಲೇ ಗೊತ್ತಾಗುತ್ತಿತ್ತು.

ಈಗ ರೆಕ್ಕೆಯ ಮಾತಿಗೆ ಬರೋಣ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ, ರೆಕ್ಕೆಯಿಲ್ಲದ ಬೀಜ ಬುಡದಲ್ಲಿ ಬಿದ್ದರೆ ಇಲಿಯ ಪಾಲು. ಅದು ಬಿರಿದ ಶಂಕುವಿನ ಗುಳಿಯಲ್ಲಿ, ತಟ್ಟೆಯಲ್ಲಿಟ್ಟ ಹಾಗೆ, ಬೀಳದೆ ಕೂತಿರುತ್ತದೆ. ಕಾಯುವುದು ಕಾಗೆಯ ಕುಲದ ಎರಡು ಹಕ್ಕಿಗಳಿಗೆ. ಒಂದು ನೀಲಿ ಬಣ್ಣದ ಪಿನ್ಯನ್ ಜೇ, ನೂರಾರು ಸೇರಿ ಗದ್ದಲದ ಸಂತೆಯಂತೆ ಬರುತ್ತದೆ. ಇನ್ನೊಂದು ಕ್ಲಾರ್ಕ್ಸ್ ನಟ್‌ಕ್ರ್ಯಾಕರ್, ನಾಲಗೆಯ ಕೆಳಗೇ ಚೀಲ ಇಟ್ಟುಕೊಂಡಿರುವ ಹಕ್ಕಿ. 1970ರ ದಶಕದಲ್ಲಿ ಸ್ಟೀಫನ್ ವಾಂಡರ್ ವಾಲ್, ರಸೆಲ್ ಬಾಲ್ಡಾ ಎಂಬ ವಿಜ್ಞಾನಿಗಳು ಅರಿಜೋನಾದ ಎರಡೆಲೆಯ ಪಿನ್ಯನ್ ಕಾಡಿನಲ್ಲಿ ಲೆಕ್ಕ ಹಾಕಿದರು: ಆ ಚೀಲದಲ್ಲಿ ಒಮ್ಮೆಗೆ 95 ಬೀಜದವರೆಗೆ ಹಿಡಿಯುತ್ತದೆ, ಒಂದೇ ಹಕ್ಕಿ ಒಂದು ಸುಗ್ಗಿಯಲ್ಲಿ 22,000ದಿಂದ 33,000 ಬೀಜ ಹೂತಿಡುತ್ತದೆ. ಪೊಳ್ಳನ್ನು ಬಣ್ಣ ನೋಡಿ, ಕೊಕ್ಕಿನಲ್ಲಿ ತೂಗಿ ಬಿಡುತ್ತದೆ. ನಮ್ಮ ಸಂತೆಯಲ್ಲಿ ತೆಂಗಿನಕಾಯಿ ಕುಲುಕಿ ಕೊಳ್ಳುವವರ ಜಾಣತನ. ಹೂತದ್ದನ್ನೆಲ್ಲ ತಿಂದು ಮುಗಿಸುವುದಿಲ್ಲ. ಮಿಕ್ಕದ್ದು ಸೇಜ್ ಎಂಬ ಕುರುಚಲು ಪೊದೆಯ ನೆರಳಿನಲ್ಲಿ ಮೊಳೆತು, ಪೊದೆಯನ್ನು ಮೀರಿ ಬೆಳೆಯುತ್ತದೆ.

ಈ ಮರ ಎಷ್ಟು ದೂರ ನಡೆದು ಬಂದಿದೆ ಎಂದು ತಿಳಿದದ್ದು ಇಲಿಯ ಮೂತ್ರದಿಂದ ಎಂದರೆ ನಗಬೇಡಿ. ಪ್ಯಾಕ್‌ರ್ಯಾಟ್ ಎಂಬ ಕಾಡಿಲಿ ಕಂಡಕಂಡ ಕಡ್ಡಿ, ಎಲೆ, ಬೀಜವನ್ನು ಬಂಡೆಯ ಸಂದಿಗೆ ಎಳೆದು ತಂದು ಗುಡ್ಡೆ ಹಾಕುತ್ತದೆ. ಮೂತ್ರ ಹರಳುಗಟ್ಟಿ ಅದೆಲ್ಲ ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟು ನೆವಾಡಾದಲ್ಲಿ ದಾರಿ ತಪ್ಪಿದ ಒಂದು ತಂಡ, ಬಂಡೆಯ ಪೊಟರೆಯಲ್ಲಿ ಮಿಠಾಯಿಯಂತೆ ಹೊಳೆಯುತ್ತಿದ್ದ ಉಂಡೆಗಳನ್ನು ಕಂಡು, ಮುರಿದು ಹಂಚಿಕೊಂಡು ತಿಂದಿತು. ಸಿಹಿಯಾಗಿತ್ತಂತೆ, ಆಮೇಲೆ ಹೊಟ್ಟೆ ತೊಳೆಸಿತಂತೆ. ತಂಡದ ಕಥೆಯನ್ನು ವಿಲಿಯಂ ಮ್ಯಾನ್ಲಿ ಬರೆದಿಟ್ಟಿದ್ದಾನೆ. ಅದೇ ಸೀಮೆಯ ಇಂಥ ಉಂಡೆಗಳನ್ನು ಬಿಡಿಸಿ ನೋಡಿ, 1964ರಲ್ಲಿ ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜೋರ್ಗೆನ್ಸನ್ ಅದು ಹಿಮಯುಗದ ಕಡತವೆಂದು ತೋರಿಸಿಕೊಟ್ಟರು. ಆಮೇಲೆ ನೂರಾರು ಗುಡ್ಡೆಗಳನ್ನು ಓದಿದ್ದಾಯಿತು. ಹಿಮಯುಗದಲ್ಲಿ ಒಂದೆಲೆಯ ಪೈನ್ ದಕ್ಷಿಣದಲ್ಲಿ, ಇವತ್ತು ಬರೀ ಮರುಭೂಮಿಯಾಗಿರುವ ಮೊಹಾವಿಯ ತಗ್ಗಿನ ಬೆಟ್ಟಗಳಲ್ಲಿತ್ತು. ಉತ್ತರದ ನೆವಾಡಾಕ್ಕೆ ಬಂದದ್ದು ಕಳೆದ ಕೆಲವು ಸಾವಿರ ವರ್ಷಗಳಲ್ಲೇ. ಹೊತ್ತು ತಂದದ್ದು ಹಕ್ಕಿಗಳು; ಬುಟ್ಟಿ ಹೊತ್ತ ಮನುಷ್ಯರ ಪಾಲೂ ಇದ್ದೀತೆಂದು ನನಗನ್ನಿಸುತ್ತದೆ.

ಇಷ್ಟು ನಿಧಾನವಾಗಿ ಬಂದದ್ದನ್ನು ಕಡಿಯಲು ಇಪ್ಪತ್ತು ವರ್ಷ ಸಾಕಾಯಿತು. 1859ರಲ್ಲಿ ನೆವಾಡಾದ ಕಾಮ್‌ಸ್ಟಾಕ್‌ನಲ್ಲಿ ಬೆಳ್ಳಿ ಸಿಕ್ಕಿತು. ಮುಂದೆ ಯುರೇಕಾದಲ್ಲಿ ಸೀಸ, ಬೆಳ್ಳಿ ಕರಗಿಸುವ ಕುಲುಮೆಗಳು ಎದ್ದವು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಪಿನ್ಯನ್. ಊರಿನ ಸುತ್ತ ಹತ್ತಾರು ಮೈಲಿ ಬೆಟ್ಟ ಬೋಳಾಯಿತು. ಸುಡುವವರು ಹೆಚ್ಚಾಗಿ ಇಟಲಿ ಕಡೆಯಿಂದ ಬಂದ ಬಡವರು. ಇದ್ದಿಲಿನ ಬೆಲೆಯ ಜಗಳ ಹೊತ್ತಿಕೊಂಡು, 1879ರ ಆಗಸ್ಟ್ 18ರಂದು ಫಿಶ್ ಕ್ರೀಕ್‌ನಲ್ಲಿ ಗುಂಡೇಟಿಗೆ ಐವರು ಸತ್ತರು. ಈಲಿ ಊರಿನ ಹತ್ತಿರ ವಾರ್ಡ್‌ನಲ್ಲಿ 1876ರಲ್ಲಿ ಕಟ್ಟಿದ, ಜೇನುಗೂಡಿನ ಆಕಾರದ ಆರು ಕಲ್ಲಿನ ಇದ್ದಿಲುಗೂಡುಗಳು ಇನ್ನೂ ನಿಂತಿವೆ. ಚೆನ್ನಾಗಿವೆ ಎಂದು ಜನ ಫೋಟೊ ತೆಗೆಸಿಕೊಳ್ಳುತ್ತಾರೆ.

ಇಪ್ಪತ್ತನೆಯ ಶತಮಾನದ್ದು ಬೇರೆಯದೇ ಮರುಳು. 1953ರಲ್ಲಿ ಇದನ್ನು ನೆವಾಡಾದ ರಾಜ್ಯವೃಕ್ಷವೆಂದು ಆರಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ದನಕ್ಕೆ ಹುಲ್ಲು ಬೆಳೆಸಬೇಕೆಂದು, ಎರಡು ಬುಲ್‌ಡೋಜರ್‌ಗಳ ನಡುವೆ ಹಡಗಿನ ಲಂಗರು ಸರಪಣಿ ಕಟ್ಟಿ ಎಳೆಸಿ ಪಶ್ಚಿಮದ ಪಿನ್ಯನ್ ಕಾಡುಗಳನ್ನು ಬೇರುಸಹಿತ ಕೀಳಿಸುವ ಕೆಲಸವೂ ಜೋರಾಯಿತು. ಈ ಸರಪಣಿ ಕೆಲಸವನ್ನು ಟೀಕಿಸಿದ ರೊನಾಲ್ಡ್ ಲ್ಯಾನರ್ ಎಂಬ ಅರಣ್ಯ ವಿಜ್ಞಾನಿ 1981ರಲ್ಲಿ ಪಿನ್ಯನ್ ಬಗ್ಗೆ ಒಂದಿಡೀ ಪುಸ್ತಕವನ್ನೇ ಬರೆದ. ಮರ ಪೂರ್ತಿ ಅಳಿಯಲಿಲ್ಲ. ಈಗ ಕೆಲವೆಡೆ ಅದು ಸೇಜ್ ಬಯಲನ್ನು ಒತ್ತುತ್ತಿದೆ ಎಂಬ ದೂರಿದೆ, ಕೆಲವೆಡೆ ಬೆಂಕಿಗೂ ಬರಕ್ಕೂ ಸಾಯುತ್ತಿದೆ ಎಂಬ ದುಃಖವಿದೆ, ಎರಡೂ ನಿಜ. ಪಿನ್ಯನ್ ಜೇ ಹಕ್ಕಿಯ ಸಂಖ್ಯೆ ಮಾತ್ರ ಅರ್ಧ ಶತಮಾನದಿಂದ ಕುಸಿಯುತ್ತಲೇ ಇದೆ.

ನೆವಾಡಾದ ಸರ್ಕಾರಿ ಬೆಟ್ಟಗಳಲ್ಲಿ ಮನೆಬಳಕೆಗೆ 25 ಪೌಂಡ್, ಅಂದರೆ ಸುಮಾರು ಹನ್ನೊಂದು ಕಿಲೊ ಬೀಜ ಆರಿಸಿಕೊಳ್ಳಲು ಅಪ್ಪಣೆ ಬೇಕಿಲ್ಲ. ಸೆಪ್ಟೆಂಬರ್‌ನಲ್ಲಿ ವಾಕರ್ ನದಿಯ ಪಾಯೂಟ್ ಜನರ ಊರಾದ ಷುರ್ಜ್‌ನಲ್ಲಿ ಪೈನ್ ಬೀಜದ ಹಬ್ಬ ನಡೆಯುತ್ತದೆ. ದೋಟಿ ಹಿಡಿದು ಬೆಟ್ಟ ಹತ್ತಿದವರು ಮೊದಲು ಕಣ್ಣು ಹಾಯಿಸುವುದು ಕೊಂಬೆಯ ತುದಿಗೆ. ಮುಂದಿನ ವರ್ಷದ ಎಳೆಗಾಯಿ ಎಷ್ಟು ಕಟ್ಟಿದೆ ಎಂದು.