ಮೊಬೈಲಿನಲ್ಲಿ ಅಂತರಜಾಲ ನಿಂತಾಗ



ಚಿತ್ರೀಕರಣಕ್ಕೆಂದು ಮಲೆನಾಡಿನ ಒಂದು ಊರಿಗೆ ಹೋಗಿದ್ದೆವು. ನಾವು ಉಳಿದಿದ್ದ ಮನೆಯ ಹುಡುಗಿ ಅಂದೇ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಬೇಕಿತ್ತು. ಕೊನೆಯ ದಿನ, ಆಗಲೇ ರಾತ್ರಿ ಒಂಬತ್ತೂವರೆ. ಫೋನಿನಲ್ಲಿ ಟವರಿನ ನಾಲ್ಕೂ ಕಡ್ಡಿಗಳಿವೆ, ಪುಟ ಮಾತ್ರ ತೆರೆಯದು. ಅವಳ ಅಣ್ಣ, "ಫೋನನ್ನೇ ಪೂರ್ತಿ ರೀಸೆಟ್ ಮಾಡ್ತೀನಿ ಸಾರ್" ಎಂದು ಹೊರಟಿದ್ದ. ಹಾಗೆ ಮಾಡಿದ್ದರೆ ಅರ್ಜಿಗೆಂದು ಅದರಲ್ಲಿ ತೆಗೆದಿಟ್ಟಿದ್ದ ಅಂಕಪಟ್ಟಿಯ ಪ್ರತಿಯೂ ಅಳಿಸಿಹೋಗುತ್ತಿತ್ತು. ಸ್ವಲ್ಪ ತಾಳು ಎಂದೆ.

ನಮ್ಮ ಸ್ಟುಡಿಯೋದಲ್ಲಿ ಚಿತ್ರ ಮಾಯವಾದರೆ ಯಾರೂ ಮೊದಲು ಕ್ಯಾಮೆರಾ ಬಿಚ್ಚುವುದಿಲ್ಲ. ಕ್ಯಾಮೆರಾ, ಕೇಬಲ್, ಮಿಕ್ಸರ್, ಟ್ರಾನ್ಸ್‌ಮಿಟರ್ ಎಂಬ ಸರಪಳಿಯಲ್ಲಿ ಚಿತ್ರ ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೇವೆ. ಫೋನಿನಿಂದ ನೀವು ಬಯಸುವ ಪುಟದವರೆಗೂ ಇಂಥದೇ ಸರಪಳಿ ಇದೆ. ಆ ನಾಲ್ಕು ಕಡ್ಡಿಗಳು ತಿಳಿಸುವುದು ಅದರ ಮೊದಲ ಕೊಂಡಿಯನ್ನು ಮಾತ್ರ: ಟವರಿನ ರೇಡಿಯೋ ಅಲೆ ಎಷ್ಟು ಬಲವಾಗಿ ಫೋನನ್ನು ಮುಟ್ಟುತ್ತಿದೆ ಎಂಬುದು. ಅದೇ ಟವರಿಗೆ ಎಷ್ಟು ಜನ ಮುಗಿಬಿದ್ದಿದ್ದಾರೆ, ಅದರಾಚೆಯ ಫೈಬರ್ ಕೇಬಲ್ ತುಂಡಾಗಿದೆಯೇ ಎಂಬುದೆಲ್ಲ ಕಡ್ಡಿಗಳಿಗೆ ಗೊತ್ತಿಲ್ಲ. ಜಾತ್ರೆಯಲ್ಲಿ ಕಡ್ಡಿ ತುಂಬಿದ್ದೂ ನೆಟ್ ಬರದಿರುವುದು ಇದರಿಂದಲೇ.

ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಿ. ತೆರೆಯದಿರುವುದು ಒಂದೇ ತಾಣವೋ, ಎಲ್ಲವೂ? ಒಂದೇ ಆಗಿದ್ದರೆ ತೊಂದರೆ ಬಹುಮಟ್ಟಿಗೆ ಆ ಕಡೆಯದು. ಎರಡನೆಯದಾಗಿ, ಅದೇ ಕಂಪನಿಯ ಸಿಮ್ ಇರುವ ಪಕ್ಕದವರ ಫೋನಿನಲ್ಲಿ ನೆಟ್ ಬರುತ್ತಿದೆಯೇ? ಅಲ್ಲೂ ಇಲ್ಲವಾದರೆ ನಿಮ್ಮ ಸೆಟ್ಟಿಂಗ್ ಕೆದಕಿ ಫಲವಿಲ್ಲ. ಬೇರೆ ಕಂಪನಿಯ ಸಿಮ್ ಇರುವವರಿಂದ ಹಾಟ್‌ಸ್ಪಾಟ್ ಕೇಳಿ. ಅಲ್ಲಿ ಬರುತ್ತಿದ್ದರೆ ದೋಷ ನಿಮ್ಮ ಫೋನಿನದು, ಸಿಮ್‌ನದು ಅಥವಾ ಪ್ಯಾಕಿನದು.

ಪ್ಯಾಕಿನಿಂದ ಆರಂಭಿಸಿ. ಎಷ್ಟೋ ಪ್ಯಾಕುಗಳಲ್ಲಿ ದಿನದ ಪಾಲು ಮುಗಿದ ಮೇಲೆ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 2 ಮೆಗಾಬೈಟ್‌ನ ಪುಟಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು! ನೆಟ್ ನಿಂತಿಲ್ಲ, ತೆವಳುತ್ತಿದೆ.

ಪ್ಯಾಕ್ ಸರಿಯಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಹತ್ತು ಸೆಕೆಂಡು ಬಿಟ್ಟು ತೆಗೆಯಿರಿ. ಇದು ಮಂತ್ರವಲ್ಲ. ಫೋನು ಹಳೆಯ ಸಂಪರ್ಕವನ್ನು ಕಡಿದುಕೊಂಡು ಟವರಿನಲ್ಲಿ ಹೊಸದಾಗಿ ಹೆಸರು ನೋಂದಾಯಿಸುತ್ತದೆ. ಸಿಮ್ ಬದಲಿಸಿದ ಮೇಲೆ ನೆಟ್ ಹೋಗಿದ್ದರೆ ಎಪಿಎನ್ ಎಂಬ ಸೆಟ್ಟಿಂಗನ್ನು ಮೂಲಸ್ಥಿತಿಗೆ ತನ್ನಿ. ಕಂಪನಿಯ ಜಾಲದಿಂದ ಅಂತರಜಾಲಕ್ಕೆ ದಾಟುವ ಬಾಗಿಲಿನ ಹೆಸರು ಅದು. ಯಾವುದಾದರೂ ವಿಪಿಎನ್ ಹಾಕಿಕೊಂಡಿದ್ದರೆ ನಿಲ್ಲಿಸಿ. 5ಜಿ ಕ್ಷೀಣವಾಗಿರುವ ಕಡೆ 4ಜಿ ಆರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಷ್ಟಾದರೂ ಆಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ರೀಸೆಟ್ ಮಾಡಬಹುದು. ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋಟೋಗಳು ಉಳಿಯುತ್ತವೆ.

ನಮ್ಮ ಹುಡುಗಿಯ ಫೋನಿಗೆ ಬರೋಣ. ಅದೇ ಕಂಪನಿಯ ನನ್ನ ಫೋನಿನಲ್ಲಿ ನೆಟ್ ಇತ್ತು. ಪ್ಯಾಕೂ ಇತ್ತು. ಏರೋಪ್ಲೇನ್ ಮೋಡ್‌ನಿಂದಲೂ ಪ್ರಯೋಜನವಾಗಲಿಲ್ಲ. ಆಮೇಲೆ ತೆರೆಯ ಮೇಲಿದ್ದ ಇಂಗ್ಲಿಷ್ ಸಾಲನ್ನು ಓದಿದೆ. ಅದುವರೆಗೆ ಯಾರೂ ಓದಿರಲಿಲ್ಲ, ನಾನೂ ಸೇರಿ. ನಿಮ್ಮ ಗಡಿಯಾರ ಮುಂದಿದೆ ಎಂದಿತ್ತು. ನೋಡಿದರೆ ದಿನಾಂಕ ಮೂರು ವರ್ಷ ಮುಂದೆ ಹೋಗಿದೆ! ಆಟದಲ್ಲಿ ಬೇಗ ಹೊಸ ಜೀವ ಸಿಗಲೆಂದು ಅವಳ ಪುಟ್ಟ ತಮ್ಮ ತಿರುಗಿಸಿಟ್ಟಿದ್ದ.

ಸುರಕ್ಷಿತ ತಾಣಗಳು ತಾವು ಯಾರೆಂದು ತೋರಿಸಲು ಫೋನಿಗೆ ಒಂದು ಪ್ರಮಾಣಪತ್ರ ಕೊಡುತ್ತವೆ. ಅದಕ್ಕೆ ಬಸ್ ಪಾಸಿನಂತೆ ಅವಧಿ ಇರುತ್ತದೆ. ಮೂರು ವರ್ಷ ಮುಂದಿದ್ದ ಆ ಫೋನಿನ ಲೆಕ್ಕದಲ್ಲಿ ಎಲ್ಲರ ಪಾಸೂ ಮುಗಿದಿತ್ತು. ಹಾಗಾಗಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ದಿನಾಂಕ ತಾನಾಗಿಯೇ ಹೊಂದಿಕೊಳ್ಳುವ ಸೆಟ್ಟಿಂಗ್ ಹಾಕಿದೆವು, ಪುಟ ತೆರೆಯಿತು.

ಹತ್ತೂ ಇಪ್ಪತ್ತಕ್ಕೆ ಅರ್ಜಿ ಹೋಯಿತು. ಸ್ವೀಕೃತಿ ಸಂಖ್ಯೆಯನ್ನು ಅವಳು ನೋಟ್‌ಬುಕ್ಕಿನಲ್ಲಿ ಒಮ್ಮೆ, ಅಂಗೈ ಮೇಲೆ ಒಮ್ಮೆ ಬರೆದುಕೊಂಡಳು. ತಮ್ಮ ಆಗಲೇ ನಿದ್ದೆ ಹೋಗಿದ್ದ.