ಬಿರುಗಾಳಿ ಬಂದುಹೋದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ಚಂಡಮಾರುತದ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಕೇಳುವುದು ಗಾಳಿಯ ವೇಗ ಎಷ್ಟೆಂದು. ಅಮೆರಿಕದಲ್ಲಂತೂ ವೇಗಕ್ಕೆ ತಕ್ಕಂತೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಪತ್ರಿಕೆಗಳ ತಲೆಬರಹಕ್ಕೆ ಆ ಅಂಕಿಯೇ ಸಾಕಾಗುತ್ತದೆ. ಆದರೆ ಆ ದೇಶದ ಆಗ್ನೇಯದಲ್ಲಿ ಕಡಲೊಳಗೆ ಚಾಚಿಕೊಂಡಿರುವ ಫ್ಲಾರಿಡಾದ ದಕ್ಷಿಣ ಭಾಗ ಕಳೆದ ನೂರು ವರ್ಷಗಳಲ್ಲಿ ಕಂಡುಂಡದ್ದನ್ನು ನೋಡಿದರೆ ಈ ಅಂಕಿಯನ್ನು ಅಷ್ಟು ನೆಚ್ಚಿಕೊಳ್ಳಲಾಗದು. ಅಲ್ಲಿನ ಕಾಡು, ಜೌಗು, ಪ್ರಾಣಿಪಕ್ಷಿಗಳು ಸಾವಿರಾರು ವರ್ಷಗಳಿಂದ ಬಿರುಗಾಳಿಯೊಂದಿಗೆ ಬಾಳಿವೆ. ಅವುಗಳಿಗೆ ತಡೆದುಕೊಳ್ಳಲಾಗದಿರುವುದು ಗಾಳಿಯನ್ನಲ್ಲ, ದಾರಿ ತಪ್ಪಿದ ನೀರನ್ನು. ಮನುಷ್ಯರ ಮಟ್ಟಿಗೂ ಈ ಮಾತು ಬಹುಪಾಲು ನಿಜ ಎಂಬುದು ನನ್ನ ವಾದ.

ಮೊದಲು ಆ ನೆಲದ ಸ್ವರೂಪ ತಿಳಿಯಬೇಕು. ದಕ್ಷಿಣ ಫ್ಲಾರಿಡಾದ ನೆತ್ತಿಯಲ್ಲಿ ಓಕಿಚೋಬಿ ಎಂಬ ಸರೋವರವಿದೆ. ವಿಸ್ತಾರ ಸುಮಾರು 1,900 ಚದರ ಕಿಲೋಮೀಟರ್. ಆಳ ಮಾತ್ರ ಸರಾಸರಿ ಮೂರು ಮೀಟರಿನಷ್ಟೂ ಇಲ್ಲ. ಹಿಂದೆ ಮಳೆಗಾಲದಲ್ಲಿ ಈ ಸರೋವರದ ದಕ್ಷಿಣದ ಅಂಚು ತುಂಬಿ ಹರಿಯುತ್ತಿತ್ತು. ಹಾಗೆ ಹರಿದ ನೀರು ಹಳ್ಳವಾಗಿ ಕೊರೆದುಕೊಂಡು ಹೋಗದೆ, ಹತ್ತಾರು ಕಿಲೋಮೀಟರ್ ಅಗಲಕ್ಕೆ ತೆಳ್ಳಗೆ ಹರಡಿ, ಹರಿತವಾದ ಅಂಚಿನ ಜೊಂಡುಹುಲ್ಲಿನ ನಡುವೆ ನಿಧಾನವಾಗಿ ಕಡಲ ಕಡೆಗೆ ಸರಿಯುತ್ತಿತ್ತು. ಇಳಿಜಾರು ಕಿಲೋಮೀಟರಿಗೆ ನಾಲ್ಕೈದು ಸೆಂಟಿಮೀಟರನ್ನೂ ಮೀರುವುದಿಲ್ಲ. ಇದೇ ಎವರ್‌ಗ್ಲೇಡ್ಸ್. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೀರು ಏರುವುದು, ಆಮೇಲೆ ಮೆಲ್ಲಗೆ ಇಳಿಯುವುದು. ಈ ಏರಿಳಿತಕ್ಕೆ ಅಲ್ಲಿನ ಜೀವಿಗಳೆಲ್ಲ ಹೊಂದಿಕೊಂಡಿವೆ. ವುಡ್ ಸ್ಟಾರ್ಕ್ ಎಂಬ ದೊಡ್ಡ ಕೊಕ್ಕರೆಯನ್ನೇ ನೋಡಿ. ಅದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಕೊಕ್ಕನ್ನು ಅರೆತೆರೆದು ಕಲಕಿದ ನೀರಿನಲ್ಲಿ ಇಳಿಬಿಟ್ಟುಕೊಂಡು ನಡೆಯುತ್ತದೆ. ಮೀನು ತಾಗಿತೋ ಇಲ್ಲವೋ, ಕೊಕ್ಕು ಫಟ್ಟನೆ ಮುಚ್ಚಿಕೊಳ್ಳುತ್ತದೆ. ಹೀಗೆ ಹೊಟ್ಟೆ ತುಂಬಬೇಕಾದರೆ ನೀರು ಇಳಿದು, ಮೀನುಗಳೆಲ್ಲ ಸಣ್ಣ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರಬೇಕು. ಹಾಗಾಗಿಯೇ ಅದು ಮರಿ ಮಾಡುವುದು ಮಳೆಯಿಲ್ಲದ ಒಣ ಕಾಲದಲ್ಲಿ. ಆ ಹೊತ್ತಿನಲ್ಲಿ ಯಾರೋ ತೂಬು ಎತ್ತಿ ನೀರು ಬಿಟ್ಟರೆ ಮೀನು ಚದುರುತ್ತದೆ, ತಾಯ್ತಂದೆ ಹಕ್ಕಿಗಳು ಗೂಡು ಬಿಟ್ಟು ಹೋಗುತ್ತವೆ. ಆಲಿಗೇಟರುಗಳು ಕೆಸರು ತೋಡಿ ಮಾಡಿಕೊಂಡ ಗುಂಡಿಗಳು ಆ ಒಣ ಕಾಲದಲ್ಲಿ ಮೀನು, ಆಮೆ, ಹಕ್ಕಿಗಳಿಗೆಲ್ಲ ಆಸರೆ. ಸಿಹಿನೀರಿನ ಈ ಆಲಿಗೇಟರ್ ಮತ್ತು ಉಪ್ಪುನೀರನ್ನು ಸಹಿಸುವ ಅಮೆರಿಕನ್ ಮೊಸಳೆ ಸಹಜವಾಗಿ ಒಟ್ಟಿಗೆ ಬಾಳುವ ಜಾಗ ಜಗತ್ತಿನಲ್ಲಿ ಇದೊಂದೇ. ಸಿಹಿನೀರು ಮೇಲಿನಿಂದ ಬಂದು ಕಡಲನ್ನು ಕೂಡುವುದರಿಂದಲೇ ಇದು ಸಾಧ್ಯವಾಗಿದೆ.

ಇನ್ನು ಬಿರುಗಾಳಿಯ ಮಾತು. ಫ್ಲಾರಿಡಾದ ನೈಋತ್ಯ ಕರಾವಳಿಯುದ್ದಕ್ಕೂ ಕಾಂಡ್ಲಾ ಕಾಡು ಹಬ್ಬಿದೆ. ಕುಂದಾಪುರ, ಹೊನ್ನಾವರ, ಕಾರವಾರದ ಅಳಿವೆಗಳಲ್ಲಿ ನಾವು ಕಾಣುವ ರೈಜೋಫೋರಾ ಮತ್ತು ಅವಿಸೆನಿಯಾ ಮರಗಳ ಹತ್ತಿರದ ಬಂಧುಗಳೇ ಅಲ್ಲೂ ಇವೆ. 2005ರ ವಿಲ್ಮಾ ಚಂಡಮಾರುತ ಈ ಕಾಡಿನೊಳಗೆ ಕಡಲ ತಳದ ಕೆಸರನ್ನು ತಂದು ಕೆಲವು ಸೆಂಟಿಮೀಟರ್ ದಪ್ಪಕ್ಕೆ ಹರವಿತು. ಸುಣ್ಣಕಲ್ಲಿನ ಆ ನೆಲದಲ್ಲಿ ರಂಜಕಕ್ಕೆ ಸದಾ ಬರ. ಬಂದ ಕೆಸರಿನಲ್ಲಿ ರಂಜಕವಿತ್ತು. ಕೊಂಬೆ ಮುರಿದ ಗಾಳಿಯೇ ಬೇರಿಗೆ ಗೊಬ್ಬರವನ್ನೂ ಹಾಕಿ, ನೆಲದ ಮಟ್ಟವನ್ನೂ ಒಂದಿಷ್ಟು ಎತ್ತರಿಸಿ ಹೋಗಿತ್ತು. 2017ರ ಸೆಪ್ಟೆಂಬರಿನಲ್ಲಿ ಬಂದ ಇರ್ಮಾ ಇನ್ನೂ ಸ್ಪಷ್ಟವಾದ ಪಾಠ ಹೇಳಿತು. ಗಾಳಿಗೆ ಎಲೆ ಉದುರಿ ಬೋಳಾದ ಕಾಡಿನ ಬಹುಭಾಗ ಒಂದೂವರೆ ವರ್ಷದೊಳಗೆ ಮತ್ತೆ ಚಿಗುರಿತು. ಆದರೆ ಸುಮಾರು 10,760 ಹೆಕ್ಟೇರ್ ಚಿಗುರಲೇ ಇಲ್ಲ ಎಂದು ವಿಮಾನ ಮತ್ತು ಉಪಗ್ರಹಗಳಿಂದ ಅಳೆದವರು ಲೆಕ್ಕ ಕೊಟ್ಟರು. ಸತ್ತ ಕಾಡು ಎಲ್ಲಿತ್ತು ಎಂಬುದೇ ಮುಖ್ಯ. ಅದು ಇದ್ದದ್ದು ತಗ್ಗಿನಲ್ಲಿ, ನುಗ್ಗಿದ ಉಪ್ಪುನೀರು ವಾಪಸು ಹೋಗಲು ದಾರಿ ಸಿಗದೆ ನಿಂತುಬಿಟ್ಟ ಕಡೆ. ಅವಿಸೆನಿಯಾ ಮರ ಕೆಸರಿನಿಂದ ಮೇಲಕ್ಕೆ ಬೆರಳುದ್ದದ ಉಸಿರುಬೇರುಗಳನ್ನು ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಅವು ವಾರಗಟ್ಟಲೆ ಮುಳುಗಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಬಿರುಗಾಳಿಗೆ ಜಗ್ಗದ ಮರವನ್ನು ನಿಂತ ನೀರು ಕೊಂದಿತು.

ಹಾಗಾದರೆ ನೀರಿನ ದಾರಿ ಕೆಟ್ಟದ್ದು ಹೇಗೆ? ಇದಕ್ಕೂ ಒಂದು ಬಿರುಗಾಳಿಯೇ ನೆಪ. 1928ರ ಸೆಪ್ಟೆಂಬರ್ 16ರಂದು ಬಂದ ಚಂಡಮಾರುತ ಓಕಿಚೋಬಿಯ ನೀರನ್ನು ದಕ್ಷಿಣಕ್ಕೆ ತಳ್ಳಿತು. ತಗ್ಗಾದ ಮಣ್ಣಿನ ಏರಿ ಒಡೆದು ಕನಿಷ್ಠ 2,500 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನ. ಆಮೇಲೆ ಸರೋವರದ ಸುತ್ತ ಸುಮಾರು 230 ಕಿಲೋಮೀಟರ್ ಉದ್ದದ ಏರಿ ಎದ್ದಿತು. 1947ರಲ್ಲಿ ಮತ್ತೆ ಪ್ರವಾಹ ಬಂತು. ಮರುವರ್ಷ ಅಮೆರಿಕದ ಸಂಸತ್ತು ಒಪ್ಪಿದ ಯೋಜನೆಯಡಿ ಕಾಲುವೆ, ಏರಿ, ತೂಬು, ಪಂಪುಗಳ ಜಾಲವೇ ಹರಡಿತು. ಸರೋವರದ ದಕ್ಷಿಣದ ಜೌಗು ಕಬ್ಬಿನ ಗದ್ದೆಯಾಯಿತು, ಎವರ್‌ಗ್ಲೇಡ್ಸ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೆಲ್ ಗ್ಲೇಡ್ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ ಒಂಬತ್ತು ಅಡಿಯ ಕಾಂಕ್ರೀಟ್ ಕಂಬವೊಂದನ್ನು ಅಡಿಯ ಬಂಡೆಗೆ ತಾಗುವವರೆಗೆ ಇಳಿಸಿ, ಅದರ ತಲೆ ನೆಲಕ್ಕೆ ಸಮನಾಗುವಂತೆ ಹೂತಿದ್ದರು. ಈಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಮೇಲಿದೆ. ಕಂಬವೇನೂ ಏಳಲಿಲ್ಲ, ನೀರು ಬಸಿದ ಮೇಲೆ ಗಾಳಿಗೆ ಒಡ್ಡಿಕೊಂಡ ಪೀಟ್ ಮಣ್ಣು ಕೊಳೆತು ಕರಗಿಹೋಯಿತು. ನೆಲ ಇಳಿದಷ್ಟೂ ಏರಿಯ ಹಿಂದಿನ ನೀರು ಅಪಾಯಕಾರಿ. ನೆರೆಯಿಂದ ಕಾಯಲು ಮಾಡಿದ ಏರ್ಪಾಡು ಹೀಗೆ ನೆರೆಯ ಭಯವನ್ನು ಇನ್ನಷ್ಟು ಬೆಳೆಸಿತು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಏರಿ ಇಲ್ಲದಿದ್ದರೆ 1928 ಮತ್ತೆ ಬರುವುದಿಲ್ಲವೇ? ಲಕ್ಷಾಂತರ ಜನರ ಊರುಗಳನ್ನು ಎತ್ತಿ ಬೇರೆಡೆ ಇಡಲಾದೀತೇ? ಆಗದು, ಏರಿ ಬೇಕೇ ಬೇಕು. ನನ್ನ ತಕರಾರು ಏರಿಯ ಬಗ್ಗೆ ಅಲ್ಲ, ದಕ್ಷಿಣದ ದಾರಿ ಮುಚ್ಚಿದ ಬಗ್ಗೆ. ಆ ದಾರಿ ಮುಚ್ಚಿದ್ದರಿಂದ ತುಂಬಿದ ಸರೋವರದ ನೀರನ್ನು ಪೂರ್ವ ಪಶ್ಚಿಮದ ಅಳಿವೆಗಳಿಗೆ ಒಮ್ಮೆಲೇ ಬಿಡಬೇಕಾಗುತ್ತದೆ. ಅದರಲ್ಲಿನ ಸಾರಜನಕ, ರಂಜಕದಿಂದ ಅಲ್ಲಿ ಪಾಚಿ ಉಕ್ಕುತ್ತದೆ. ಅದೇ ವೇಳೆ ದಕ್ಷಿಣದ ಫ್ಲಾರಿಡಾ ಕೊಲ್ಲಿಗೆ ಸಿಹಿನೀರು ಸಾಲದೆ, 2015ರ ಬರದಲ್ಲಿ ಉಪ್ಪು ಮಿತಿಮೀರಿ ಕಡಲಹುಲ್ಲು ಭಾರಿ ಪ್ರಮಾಣದಲ್ಲಿ ಸತ್ತಿತು. ಇನ್ನೊಂದು ಆಕ್ಷೇಪ, ಕಾಲುವೆಗಳಿಂದ ವನ್ಯಜೀವಿಗಳಿಗೂ ಲಾಭವಾಗಿದೆ ಎಂಬುದು. ನಿಜ, ಟರ್ಕಿ ಪಾಯಿಂಟ್ ಅಣುಸ್ಥಾವರದ ತಂಪುಗಾಲುವೆಗಳ ದಂಡೆಯ ಮೇಲೆ ಅಮೆರಿಕನ್ ಮೊಸಳೆ ಚೆನ್ನಾಗಿ ಮೊಟ್ಟೆಯಿಟ್ಟಿದೆ, 2007ರಲ್ಲಿ ಫ್ಲಾರಿಡಾದ ಮೊಸಳೆಗಳನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ ಪಟ್ಟಿಗೆ ಇಳಿಸಲೂ ಸಾಧ್ಯವಾಯಿತು. ಆದರೆ ಎತ್ತರದ ಒಣ ದಂಡೆ ಕೊಡುವುದು ಗೂಡಿಗೆ ಜಾಗ ಮಾತ್ರ. ಮೊಟ್ಟೆಯೊಡೆದ ಮರಿ ಬೆಳೆಯಲು ಉಪ್ಪು ಕಡಿಮೆಯಿರುವ ನೀರು ಬೇಕು. ಕೊಲ್ಲಿಯ ಅಂಚಿನಲ್ಲಿ ಅದನ್ನು ಕೊಡುವುದು ಮೇಲಿನಿಂದ ಹರಿದುಬರುವ ನೀರೇ.

ಕಾಂಡ್ಲಾ ನೆಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಇರ್ಮಾದಲ್ಲಿ ಈ ಕಾಡು ಸುಮಾರು 150 ಕೋಟಿ ಡಾಲರ್‌ನಷ್ಟು ಪ್ರವಾಹಹಾನಿ ತಪ್ಪಿಸಿತೆಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಅದೇ ಅಧ್ಯಯನ ಹೇಳುವಂತೆ, ಕಾಡಿನ ಹಿಂದಿನ ಮನೆಗಳಿಗೆ ರಕ್ಷಣೆ ಸಿಕ್ಕರೆ ಕಡಲ ಬದಿಗೆ ಅದರ ಮುಂದಿದ್ದ ಕೆಲವು ಕಡೆ ತಡೆದ ನೀರು ಹೆಚ್ಚೇ ಏರಿತು. ಅಂದರೆ ಕಾಡೂ ನೀರನ್ನು ಮಾಯ ಮಾಡುವುದಿಲ್ಲ, ಅದರ ದಾರಿ ಬದಲಿಸುತ್ತದೆ ಅಷ್ಟೇ. 2022ರಲ್ಲಿ ಇಯಾನ್ ಚಂಡಮಾರುತ ಫೋರ್ಟ್ ಮೈಯರ್ಸ್ ಬೀಚಿಗೆ ಹತ್ತು ಅಡಿಗೂ ಮೀರಿದ ಕಡಲನ್ನು ನುಗ್ಗಿಸಿದಾಗ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬ ಪ್ರಶ್ನೆಗೆ ಮರಗಳಿಂದ ಉತ್ತರ ಸಿಗುವಂತಿರಲಿಲ್ಲ. ಅದನ್ನು ಮನುಷ್ಯರೇ ತೀರ್ಮಾನಿಸಬೇಕು.

2000ದಲ್ಲಿ ಅಮೆರಿಕ ಎವರ್‌ಗ್ಲೇಡ್ಸ್ ಪುನಶ್ಚೇತನದ ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1928ರಿಂದ ದಕ್ಷಿಣದ ಹರಿವಿಗೆ ಅಡ್ಡಗಟ್ಟೆಯಂತೆ ಬಿದ್ದಿದ್ದ ಟಮಯಾಮಿ ಹೆದ್ದಾರಿಯ ಕೆಲವು ಭಾಗವನ್ನು 2013ರಿಂದೀಚೆಗೆ ಸೇತುವೆಯ ಮೇಲೆ ಎತ್ತಿ, ಅಡಿಯಲ್ಲಿ ನೀರಿಗೆ ದಾರಿ ಬಿಟ್ಟಿದ್ದಾರೆ. ಕೆಲಸ ನಿಧಾನ, ಖರ್ಚು ವಿಪರೀತ. ಕಡಲ ಮಟ್ಟವೂ ಏರುತ್ತಿರುವುದರಿಂದ ಇದೆಲ್ಲ ದಂಡ ಎನ್ನುವವರಿದ್ದಾರೆ. ನನಗೆ ಕಾಣುವುದು ಇದಕ್ಕೆ ತಿರುಗುಮುರುಗು. ಕಡಲು ಏರುತ್ತಿರುವುದರಿಂದಲೇ ಸಿಹಿನೀರಿನ ಹರಿವು ಇನ್ನಷ್ಟು ಅವಶ್ಯ: ಉಪ್ಪನ್ನು ಹಿಂದಕ್ಕೆ ತಳ್ಳುವುದು, ಪೀಟ್ ಮಣ್ಣು ಒಣಗಿ ಕುಸಿಯದಂತೆ ನೋಡಿಕೊಳ್ಳುವುದು, ಮಯಾಮಿ ಕಡೆಯ ಬಾವಿಗಳಿಗೆ ಕಡಲನೀರು ನುಗ್ಗದಂತೆ ಅಂತರ್ಜಲವನ್ನು ಕಾಯುವುದು ಅದೇ ನೀರು. ಗಾಳಿಯ ದರ್ಜೆ ಹವಾಮಾನ ಇಲಾಖೆ ಹೇಳುತ್ತದೆ, ಅದನ್ನು ಬದಲಿಸುವುದು ಯಾರ ಕೈಯಲ್ಲೂ ಇಲ್ಲ. ಬಂದ ನೀರು ಎಷ್ಟು ದಿನ ನಿಲ್ಲಬೇಕು, ಎತ್ತ ಹರಿಯಬೇಕು ಎಂಬುದು ಮಾತ್ರ ರಸ್ತೆ, ಕಾಲುವೆ, ಬಡಾವಣೆಗಳ ನಕ್ಷೆಗೆ ಸಹಿ ಬೀಳುವ ದಿನವೇ ನಿರ್ಧಾರವಾಗುತ್ತದೆ. ಚಂಡಮಾರುತದ ಹಾನಿಗೆ ಹೊಣೆ ಹುಡುಕುವವರು ಆ ನಕ್ಷೆಗಳಿಂದಲೇ ಶುರುಮಾಡುವುದು ಲೇಸು.